ನ್ಯೂಜಿಲೆಂಡಿನ ಸರ್ಕಾರಿ ರೈಲುಮಾರ್ಗಗಳ ಗುತ್ತಿಗೆ ಕರಾರು (1870–1885): ಪಕ್ಷಕಾರರ ಪ್ರಶ್ನೆ

ಶಾಸನವೊಂದನ್ನು ಓದಲು ಕುಳಿತಾಗ ನಾವು ಮೊದಲು ಕೇಳಿಕೊಳ್ಳುವ ಪ್ರಶ್ನೆಗಳು ಸರಳವಾದವು. ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟ ನೆಲದ ಚತುಸ್ಸೀಮೆ ಯಾವುದು, ಸಾಕ್ಷಿಗೆ ನಿಂತವರು ಯಾರು? ಕೆರೆ ಕಟ್ಟಿಸಿದವನಿಗೆ ಆ ಕೆರೆಯ ಕೆಳಗಣ ಗದ್ದೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುವ ಕಟ್ಟುಕೊಡಗೆಯ ಶಾಸನಗಳು ಕನ್ನಡ ನಾಡಿನಲ್ಲಿ ಹೇರಳವಾಗಿವೆ. ಇಂದು ನಾವು ಗುತ್ತಿಗೆ ಎಂದು ಬಳಸುವ ಮಾತೂ ವಿಜಯನಗರ ಕಾಲದ ಶಾಸನಗಳ ಕಟ್ಟುಗುತ್ತಗೆಯಲ್ಲಿ, ನೆಲಕ್ಕೆ ಗೊತ್ತುಪಡಿಸಿದ ತೆರಿಗೆಯ ಅರ್ಥದಲ್ಲಿ, ಇದೆ. ಈ ಬಗೆಯ ಬರಹಗಳಲ್ಲಿ ಪಳಗಿದ ಕಣ್ಣು ಹತ್ತೊಂಬತ್ತನೆಯ ಶತಮಾನದ ಒಂದು ರೈಲ್ವೆ ಕರಾರನ್ನು ಓದಿದರೆ ಏನು ಕಂಡೀತು ಎಂಬ ಕುತೂಹಲವೇ ಪ್ರಸ್ತುತ ಲೇಖನದ ಮೂಲ. ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊರಗಿನ ವಿಷಯವೆಂಬ ಆಕ್ಷೇಪವನ್ನು ನಾವು ಬಲ್ಲೆವು. ಆದರೆ ಕರಾರು ಎಂಬುದು ಮೊದಲು ಒಂದು ಪಠ್ಯ. ಅದರ ಪಾಠಾಂತರಗಳನ್ನು ಕೂಡಿಸಿ ನೋಡುವುದು ನಮ್ಮ ಕಸುಬಿಗೆ ದೂರವಾದ ಕೆಲಸವಲ್ಲ.

ನಾವು ಆರಿಸಿಕೊಂಡಿರುವುದು ನ್ಯೂಜಿಲೆಂಡಿನ ಸರ್ಕಾರ ಇಂಗ್ಲೆಂಡಿನ ಜಾನ್ ಬ್ರಾಗ್ಡನ್ ಅಂಡ್ ಸನ್ಸ್ ಎಂಬ ಗುತ್ತಿಗೆ ಸಂಸ್ಥೆಯೊಡನೆ 1871–72ರಲ್ಲಿ ನಡೆಸಿದ ವ್ಯವಹಾರವನ್ನು. ಅದಕ್ಕೆ ಮುನ್ನ ಆ ದೇಶದ ಸ್ಥಿತಿಯನ್ನು ಕುರಿತು ಕೆಲವು ಮಾತು ಅಗತ್ಯ.

1870ರಲ್ಲಿ ನ್ಯೂಜಿಲೆಂಡ್ ಒಂದು ದೇಶವೆನ್ನುವುದಕ್ಕಿಂತ ಪ್ರಾಂತಗಳ ಒಂದು ಸಡಿಲ ಕೂಟವಾಗಿತ್ತು. ಪ್ರತಿ ಪ್ರಾಂತಕ್ಕೂ ತನ್ನದೇ ಖಜಾನೆ, ತನ್ನದೇ ಸಾಲ, ತನ್ನದೇ ರೈಲುಹಳಿಯ ಅಗಲ. ಕ್ಯಾಂಟರ್‌ಬರಿ ಪ್ರಾಂತ 5 ಅಡಿ 3 ಅಂಗುಲದ ಹಳಿಯಲ್ಲಿ 1863ರಲ್ಲಿ ಮೊದಲ ಉಗಿಬಂಡಿಯನ್ನು ಓಡಿಸಿತು. ದಕ್ಷಿಣದ ತುದಿಯ ಸೌತ್‌ಲೆಂಡ್ ಪ್ರಾಂತ ಕಬ್ಬಿಣಕ್ಕೆ ಹಣ ಸಾಲದೆ ಮರದ ಹಳಿ ಹಾಕಿ ಕೈಸುಟ್ಟುಕೊಂಡಿತು. ಸಾಲದ ಹೊರೆಯಿಂದ ಕುಸಿದು 1870ರಲ್ಲಿ ನೆರೆಯ ಒಟಾಗೊ ಪ್ರಾಂತದಲ್ಲಿ ಮತ್ತೆ ವಿಲೀನವಾಯಿತು. ಗುತ್ತಿಗೆದಾರರ ವಿಷಯದಲ್ಲಿಯೂ ಪ್ರಾಂತಗಳು ಪಾಠ ಕಲಿತಿದ್ದವು. ಕ್ರೈಸ್ಟ್‌ಚರ್ಚ್ ನಗರಕ್ಕೂ ಲಿಟ್ಟಲ್‌ಟನ್ ಬಂದರಿಗೂ ನಡುವಣ ಬೆಟ್ಟವನ್ನು ಕೊರೆಯಲು ಒಪ್ಪಿಕೊಂಡಿದ್ದ ಲಂಡನ್ನಿನ ಸ್ಮಿತ್ ಅಂಡ್ ನೈಟ್ ಸಂಸ್ಥೆಯವರು ಗಟ್ಟಿಬಂಡೆ ಸಿಕ್ಕಿದೊಡನೆ ಹೆಚ್ಚಿನ ಹಣ ಕೇಳಿದರು, ಸಿಗದೆ ಕೆಲಸ ಬಿಟ್ಟರು. ಪ್ರಾಂತದ ಮುಖ್ಯಸ್ಥ ಮೂರ್‌ಹೌಸ್ ಮೆಲ್ಬರ್ನಿಗೆ ಹೋಗಿ ಬೇರೆ ಗುತ್ತಿಗೆದಾರರನ್ನು ಹುಡುಕಬೇಕಾಯಿತು. ಸುರಂಗ 1867ರ ಡಿಸೆಂಬರಿನಲ್ಲಿ ತೆರೆಯಿತು. ನೆಲದ ಅಡಿಯಲ್ಲಿ ಏನಿದೆಯೆಂಬುದು ಸಹಿ ಹಾಕುವ ದಿನ ಇಬ್ಬರಿಗೂ ತಿಳಿದಿರುವುದಿಲ್ಲ. ತಿಳಿಯದ ಆ ಭಾಗದ ನಷ್ಟ ಯಾರ ತಲೆಗೆ ಎಂಬುದನ್ನು ಗೊತ್ತುಮಾಡುವುದೇ ಗುತ್ತಿಗೆ ಮಾತುಕತೆಯ ತಿರುಳು.

1870ರ ಜೂನ್ 28ರಂದು ವಸಾಹತಿನ ಖಜಾನೆ ಮಂತ್ರಿ ಜೂಲಿಯಸ್ ವೋಗಲ್ ಸಂಸತ್ತಿನ ಮುಂದೆ ತನ್ನ ಯೋಜನೆಯನ್ನು ಇಟ್ಟನು. ಹತ್ತು ವರ್ಷಗಳಲ್ಲಿ ಒಂದು ಕೋಟಿ ಪೌಂಡು ಸಾಲ ತಂದು ರೈಲು, ರಸ್ತೆಗಳನ್ನು ಕಟ್ಟುವುದು, ಬ್ರಿಟನ್ನಿನಿಂದ ಜನರನ್ನು ಕರೆತರುವುದು ಇದರ ಸಾರಾಂಶ. ಈ ಮೊತ್ತವನ್ನು ಅಳೆಯಲು ಒಂದು ಲೆಕ್ಕ ಸಾಕು. 1871ರ ಜನಗಣತಿಯಂತೆ ಮಾವೋರಿ ಜನರನ್ನು ಬಿಟ್ಟು ಅಲ್ಲಿದ್ದವರು ಸುಮಾರು 2,56,000. ಎಂದರೆ ಹಸುಗೂಸನ್ನೂ ಸೇರಿಸಿ ತಲೆಗೆ ಸುಮಾರು 40 ಪೌಂಡಿನ ಹೊಸ ಸಾಲ. ಆಗ ದೇಶದಲ್ಲಿ ಓಡುತ್ತಿದ್ದ ರೈಲುಮಾರ್ಗ 50 ಮೈಲಿಯೂ ಇರಲಿಲ್ಲ. ಅಗ್ಗದಲ್ಲಿ ಕಟ್ಟಬೇಕೆಂಬ ಕಾರಣಕ್ಕೆ ಅದೇ ವರ್ಷ ಹಳಿಯ ಅಗಲವನ್ನು 3 ಅಡಿ 6 ಅಂಗುಲವೆಂದು ಗೊತ್ತುಪಡಿಸಲಾಯಿತು. ಮೇಯೊ ಪ್ರಭುವಿನ ಭಾರತ ಸರ್ಕಾರ ಮೀಟರ್ ಗೇಜನ್ನು ಆರಿಸಿಕೊಂಡದ್ದೂ 1870ರಲ್ಲಿಯೇ, ಅದೇ ಮಿತವ್ಯಯದ ಕಾರಣಕ್ಕೆ. ಕಂಪನಿಗಳಿಗೆ ಶೇಕಡಾ 5ರ ಬಡ್ಡಿಯ ಖಾತರಿ ಕೊಟ್ಟು ರೈಲು ಕಟ್ಟಿಸಿದ ಪದ್ಧತಿಯಿಂದ ಬೇಸತ್ತು ಭಾರತ ಸರ್ಕಾರ ತಾನೇ ಕಟ್ಟಲು ಮುಂದಾದ ಕಾಲವದು. ನಮ್ಮ ಬೆಂಗಳೂರು–ಮೈಸೂರು ಮೀಟರ್ ಗೇಜು ಮಾರ್ಗವೂ ಮುಂದೆ ಇದೇ ಧೋರಣೆಯ ಗಾಳಿಯಲ್ಲಿ, 1877–78ರ ಭೀಕರ ಬರದ ನಡುವೆ, ಸಂಸ್ಥಾನದ ಹಣದಿಂದ ಆರಂಭವಾಯಿತು.

ವೋಗಲ್‌ನ ಮೂಲ ಕಲ್ಪನೆಯಲ್ಲಿ ನಮ್ಮ ಕಟ್ಟುಕೊಡಗೆಯನ್ನು ನೆನಪಿಸುವ ಅಂಶವೊಂದಿತ್ತು. ಮಾರ್ಗದ ಇಕ್ಕೆಲದ ನೆಲವನ್ನು ಮೀಸಲಿಟ್ಟು ಕಟ್ಟುವವರಿಗೆ ಕೂಲಿಯ ಒಂದು ಪಾಲನ್ನು ನೆಲದ ರೂಪದಲ್ಲಿ ಕೊಡುವುದು, ಉಳಿದ ನೆಲದ ಏರುಬೆಲೆಯಿಂದ ಸಾಲ ತೀರಿಸುವುದು. ಹೋಲಿಕೆ ಮೇಲುಮೇಲಿನದೆಂಬುದನ್ನೂ ಇಲ್ಲಿಯೇ ಹೇಳಬೇಕು. ಕಟ್ಟುಕೊಡಗೆಯ ಗದ್ದೆ ಆ ಕೆರೆಯ ನೀರಿನಿಂದಲೇ ಹುಟ್ಟಿದ್ದು. ಪಡೆದವನು ಏರಿಯನ್ನು ಕಾಯದಿದ್ದರೆ ಅವನ ಗದ್ದೆಯೇ ಒಣಗುತ್ತದೆ. ಲಂಡನ್ನಿನ ಗುತ್ತಿಗೆದಾರನಿಗೆ ನೆಲವೆಂದರೆ ಮಾರಾಟದ ಸರಕು. ಪ್ರಾಂತಗಳ ಪ್ರತಿನಿಧಿಗಳು ತಮ್ಮ ನೆಲವನ್ನು ಬಿಟ್ಟುಕೊಡಲು ಒಪ್ಪದಾದರು. ವೋಗಲ್ ಬಾಗಿದನು. ಪ್ರಾಂತಗಳನ್ನೇ ರದ್ದುಮಾಡುವ 1876ರ ಕ್ರಮಕ್ಕೆ ಬೀಜ ಬಿದ್ದದ್ದು ಈ ಜಗಳದಲ್ಲಿ ಎಂದು ಹಲವರು ಬರೆದಿದ್ದಾರೆ. ನಮಗೂ ಹಾಗೆಯೇ ತೋರುತ್ತದೆ.

1871ರ ಆರಂಭದಲ್ಲಿ ವೋಗಲ್ ತಾನೇ ಲಂಡನ್ನಿಗೆ ಹೊರಟನು. ಸಾಲ ಎತ್ತುವುದು, ಗುತ್ತಿಗೆದಾರನನ್ನು ಗೊತ್ತುಮಾಡುವುದು ಎರಡೂ ಒಬ್ಬನದೇ ಹೊಣೆಯಾದ ಕಾರಣ ಎದುರಾಳಿಗಳಿಗೆ ಅವನ ಇಕ್ಕಟ್ಟು ತಿಳಿದೇ ಇತ್ತು. ಆದರೆ ಬ್ರಾಗ್ಡನ್ ಸಂಸ್ಥೆಯೂ ಇಕ್ಕಟ್ಟಿನಲ್ಲಿತ್ತೆಂದು ನಾವು ಊಹಿಸುತ್ತೇವೆ. ಆಲ್ಪ್ಸ್ ಪರ್ವತವನ್ನು ದಾಟಿಸುತ್ತಿದ್ದ ಮಾಂ ಸೆನಿ ಕಣಿವೆಯ ರೈಲಿಗೆ ಬಂಡವಾಳ ಹೂಡಿದವರಲ್ಲಿ ಈ ಮನೆತನದವರಿದ್ದರು. 1868ರಲ್ಲಿ ತೆರೆದ ಆ ಮಾರ್ಗ, ಪರ್ವತದಡಿಯ ಸುರಂಗ ಸಿದ್ಧವಾದುದರಿಂದ 1871ರಲ್ಲಿಯೇ ಮುಚ್ಚಿತು. ಹಿರಿಯ ಪಾಲುದಾರ ಅಲೆಕ್ಸಾಂಡರ್ ಬ್ರಾಗ್ಡನ್ ಆಗ ಬ್ರಿಟಿಷ್ ಸಂಸತ್ತಿನ ಸದಸ್ಯನೂ ಆಗಿದ್ದನು. ಮಾತುಕತೆಯ ಫಲವಾಗಿ ಹೊರಬಂದದ್ದು ಒಂದು ಕರಾರಲ್ಲ, ಎರಡು. ಒಂದು ಮಿತವಾದ ಕೆಲಸಕ್ಕೆ. ಇನ್ನೊಂದು ಬಹು ದೊಡ್ಡ ಪ್ರಮಾಣದ್ದು, ವಲಸೆಗಾರರನ್ನು ಕರೆತರುವುದನ್ನೂ ಒಳಗೊಂಡದ್ದು, ನ್ಯೂಜಿಲೆಂಡಿನ ಸಂಸತ್ತು ಒಪ್ಪಿದರೆ ಮಾತ್ರ ಜಾರಿಗೆ ಬರತಕ್ಕದ್ದು.

ಈ ಜೋಡಿ ಕರಾರನ್ನು ವೋಗಲ್‌ನ ಚಾತುರ್ಯವೆಂದು ಹೊಗಳಿದವರಿದ್ದಾರೆ, ಅವಸರದ ಫಲವೆಂದು ತೆಗಳಿದವರೂ ಇದ್ದಾರೆ. ನಮ್ಮ ದೃಷ್ಟಿಯಲ್ಲಿ ಇದಕ್ಕೆ ಕಾರಣ ದೂರ. ನ್ಯೂಜಿಲೆಂಡಿಗೆ ಸಮುದ್ರದಡಿಯ ತಂತಿ ಬಂದದ್ದು 1876ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಲಂಡನ್ನಿಗೆ ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯಲು ಹಡಗಿನ ಟಪಾಲಿನಲ್ಲಿ ಮೂರು ತಿಂಗಳಿಗೂ ಮೇಲ್ಪಟ್ಟು ಹಿಡಿಯುತ್ತಿತ್ತು. ಸಂಸತ್ತಿನ ಮನಸ್ಸನ್ನು ಅರಿಯಲಾಗದ ದೂತನು ಎರಡು ಬಗೆಯ ಉತ್ತರಕ್ಕೂ ಒದಗುವ ಎರಡು ಕಾಗದಗಳೊಡನೆ ಹಿಂದಿರುಗುವುದು ಸಹಜವೇ ಆಗಿತ್ತು. ಎದುರು ಪಕ್ಷವೂ ಅದೇ ಕಾರಣಕ್ಕೆ ತನ್ನ ಮನೆಯವನನ್ನೇ ಕಳುಹಿಸಬೇಕಾಯಿತು. ಅಲೆಕ್ಸಾಂಡರನ ತಮ್ಮ ಜೇಮ್ಸ್ ಬ್ರಾಗ್ಡನ್ ಎಂಜಿನಿಯರುಗಳೊಡನೆ ಅದೇ ವರ್ಷದ ಕೊನೆಯ ಭಾಗದಲ್ಲಿ ನ್ಯೂಜಿಲೆಂಡಿಗೆ ಬಂದಿಳಿದನು.

ಇಲ್ಲಿಂದ ಕರಾರಿನ ಎರಡನೆಯ ಪಾಠ ಆರಂಭವಾಗುತ್ತದೆ. ದೊಡ್ಡ ಕರಾರನ್ನು ಸಂಸತ್ತು ಒಪ್ಪಲಿಲ್ಲ. ಮಾರ್ಗ ಮಾರ್ಗವಾಗಿ ದರ ಕಟ್ಟುವ ಮಾತುಕತೆಗೆ ಜೇಮ್ಸ್ ಕೂರಬೇಕಾಯಿತು. ಎದುರಿಗೆ ಇದ್ದದ್ದು 1870ರಲ್ಲಿ ಹೊಸದಾಗಿ ಸ್ಥಾಪನೆಯಾದ ಲೋಕೋಪಯೋಗಿ ಇಲಾಖೆ, ಅದರ ಮುಖ್ಯ ಎಂಜಿನಿಯರ್ ಜಾನ್ ಕ್ಯಾರದರ್ಸ್. ಲಂಡನ್ನಿನಲ್ಲಿ ಮಾತು ನಡೆದದ್ದು ನಕ್ಷೆಯ ಮೇಲೆ, ಮೊತ್ತಗಳಲ್ಲಿ. ವೆಲಿಂಗ್ಟನ್ನಿನಲ್ಲಿ ಅದು ಅಗೆತದ ಘನಗಜಕ್ಕೆ ಎಷ್ಟು, ಸೇತುವೆಯ ಮರಕ್ಕೆ ಎಷ್ಟು ಎಂಬ ಮಟ್ಟಕ್ಕೆ ಇಳಿಯಿತು. ಇಲಾಖೆಯ ಅಂದಾಜು ಒಂದು, ಗುತ್ತಿಗೆದಾರನ ಅಂದಾಜು ಒಂದು. ನಡುವಣ ಅಂತರ ತುಂಬಲು ತಿಂಗಳುಗಳೇ ಹಿಡಿದವು. ಕಡೆಗೆ 1872ರ ಆಗಸ್ಟಿನಲ್ಲಿ ಆರು ಮಾರ್ಗಗಳ ಕರಾರು ಕುದುರಿತು. ಆಕ್ಲೆಂಡ್‌ನಿಂದ ಮರ್ಸರ್, ನೇಪಿಯರ್‌ನಿಂದ ಪಾಕಿಪಾಕಿ, ವೆಲಿಂಗ್ಟನ್‌ನಿಂದ ಹಟ್, ಪಿಕ್ಟನ್‌ನಿಂದ ಬ್ಲೆನಮ್, ಡನೀಡಿನ್‌ನಿಂದ ಕ್ಲೂಥಾ, ಇನ್ವರ್‌ಕಾರ್ಗಿಲ್‌ನಿಂದ ಮಟಾರಾ. ಒಟ್ಟು 159 ಮೈಲಿ, 8,08,000 ಪೌಂಡು. ಮೈಲಿಗೆ ಸರಾಸರಿ 5,000 ಪೌಂಡಿಗೆ ತುಸು ಹೆಚ್ಚು. ಆರು ಮಾರ್ಗಗಳೂ ಬಿಡಿ ಬಿಡಿ ತುಂಡುಗಳು, ಬಹುಪಾಲು ಬಂದರಿನಿಂದ ಒಳನಾಡಿಗೆ ಹೊರಟವು, ಆರು ಬೇರೆ ಬೇರೆ ಕಡೆಗಳಲ್ಲಿ. ದೊಡ್ಡ ಗುತ್ತಿಗೆದಾರನ ಬಲವೆಂದರೆ ಆಳು, ಸಲಕರಣೆಗಳನ್ನು ಒಂದೆಡೆ ಗುಂಪುಗೂಡಿಸುವುದು. ಎಲ್ಲ ಪ್ರಾಂತಗಳಿಗೂ ಒಂದೊಂದು ತುತ್ತು ಸಿಗಬೇಕೆಂಬ ರಾಜಕಾರಣ ಆ ಬಲವನ್ನು ಆರು ಪಾಲು ಮಾಡಿತು. ಸಹಿಯ ಮರುತಿಂಗಳೇ ಫಾಕ್ಸ್ ಮಂತ್ರಿಮಂಡಲ ಬಿತ್ತು. ಒಂದೇ ತಿಂಗಳಲ್ಲಿ ಅದರ ಉತ್ತರಾಧಿಕಾರಿಯೂ ಬಿದ್ದು ವೋಗಲ್ ಮತ್ತೆ ಖಜಾನೆಗೆ ಬಂದನು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ಇದೇ ಬ್ರಾಗ್ಡನ್ ಹೆಸರನ್ನು ನಮ್ಮ ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ಬೇರೊಂದು ಕಡೆ ಓದಿರುತ್ತಾರೆ. ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಗೆ ಈ ಮನೆತನದವರು ಕಲ್ಲಿದ್ದಲನ್ನು ಒದಗಿಸುತ್ತಿದ್ದರು. 1871ರ ಡಿಸೆಂಬರಿನಲ್ಲಿ ಕರಡು ಕರಾರೊಂದು ಅಲೆಕ್ಸಾಂಡರನ ಕೈಗೆ ಬಂತು. ಅವನು ಮಧ್ಯಸ್ಥನ ಹೆಸರಿಗೆ ಬಿಟ್ಟಿದ್ದ ಖಾಲಿ ಜಾಗವನ್ನು ತುಂಬಿ, ಒಪ್ಪಿಗೆಯೆಂದು ಬರೆದು ಹಿಂದಿರುಗಿಸಿದನು. ರೈಲ್ವೆಯ ನೌಕರ ಅದನ್ನು ಮೇಜಿನ ಖಾನೆಯಲ್ಲಿ ಹಾಕಿ ಮರೆತನು. ಎರಡು ವರ್ಷ ಆ ಕರಡಿನ ದರದಲ್ಲಿಯೇ ಕಲ್ಲಿದ್ದಲು ಸಾಗಿತು. ಜಗಳ ಬಂದಾಗ ಕರಾರೇ ಇಲ್ಲವೆಂದು ಬ್ರಾಗ್ಡನ್ನರು ವಾದಿಸಿದರು. ನಡೆದುಕೊಂಡ ರೀತಿಯೇ ಒಪ್ಪಿಗೆಯೆಂದು ಹೌಸ್ ಆಫ್ ಲಾರ್ಡ್ಸ್ 1877ರಲ್ಲಿ ತೀರ್ಪಿತ್ತಿತು. ಅಣ್ಣನ ಕಾಗದ ಲಂಡನ್ನಿನಲ್ಲಿ ಖಾನೆ ಸೇರಿದ ಆ ತಿಂಗಳುಗಳಲ್ಲಿಯೇ ತಮ್ಮ ಭೂಮಿಯ ಇನ್ನೊಂದು ಬದಿಯಲ್ಲಿ ಕರಾರಿಗಾಗಿ ಚೌಕಾಶಿಗೆ ಕುಳಿತಿದ್ದನು. ಭಾರತದ ಕರಾರು ಅಧಿನಿಯಮ ಜಾರಿಗೆ ಬಂದದ್ದೂ 1872ರ ಸೆಪ್ಟೆಂಬರ್ 1ರಂದು. ಇವುಗಳ ನಡುವೆ ಕಾರ್ಯಕಾರಣ ಸಂಬಂಧವನ್ನು ನಾವು ಕಲ್ಪಿಸುತ್ತಿಲ್ಲ. ಬರೆದದ್ದು ಮತ್ತು ನಡೆದದ್ದು ಬೇರೆಯಾದಾಗ ಯಾವುದನ್ನು ಕರಾರೆನ್ನಬೇಕೆಂಬ ಪ್ರಶ್ನೆ ಆ ಕಾಲವನ್ನು ಎಲ್ಲ ಕಡೆ ಕಾಡುತ್ತಿತ್ತೆಂಬುದಷ್ಟೇ ನಮ್ಮ ಮಾತು.

ಕರಾರಿನ ಮೂರನೆಯ ಪಾಠ ಬರೆದವರು ಮಣ್ಣು ಅಗೆಯುವವರು. ನಮಗೆ ಈ ವ್ಯವಹಾರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಭಾಗವೇ.

ರೈಲು ಕಟ್ಟುವ ಕೈಗಳು ನ್ಯೂಜಿಲೆಂಡಿನಲ್ಲಿ ಸಾಲದಿದ್ದವು. ಬ್ರಾಗ್ಡನ್ ಸಂಸ್ಥೆ 1872–73ರಲ್ಲಿ ಇಂಗ್ಲೆಂಡಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು, ಹೆಂಡತಿ ಮಕ್ಕಳು ಸಹಿತವಾಗಿ, ಹಡಗು ಹತ್ತಿಸಿ ತಂದಿತು. ಪ್ರಯಾಣದ ಖರ್ಚಿಗೆ ಪ್ರತಿಯೊಬ್ಬ ಆಳೂ ಸಂಸ್ಥೆಗೆ ಪ್ರೋನೋಟು ಬರೆದುಕೊಡಬೇಕು, ಕೂಲಿಯಿಂದ ಕಂತುಕಂತಾಗಿ ಹಿಡಿದುಕೊಳ್ಳಲಾಗುವುದು. ಸಂಸ್ಥೆ ಸರ್ಕಾರಕ್ಕೆ ಬಾಕಿ, ಆಳು ಸಂಸ್ಥೆಗೆ ಬಾಕಿ. ಹೀಗೆ ವೋಗಲ್ ಲಂಡನ್ನಿನ ಪೇಟೆಯಲ್ಲಿ ಎತ್ತಿದ ಸಾಲದ ಪಕ್ಕದಲ್ಲಿಯೇ ಇನ್ನೊಂದು ಸಣ್ಣ ಸಾಲದ ಸರಪಳಿ ಇಳಿದುಬಂದು ಗುದ್ದಲಿ ಹಿಡಿದವನ ಕೈಗೆ ತಗುಲಿತು. ನೆಲದ ಅಡಿಯ ಬಂಡೆಯ ನಷ್ಟಕ್ಕೆ ಹೆದರಿ ಸರ್ಕಾರ ಗುತ್ತಿಗೆದಾರನನ್ನು ಹಿಡಿಯಿತು, ಆಳಿನ ಅಭಾವದ ನಷ್ಟಕ್ಕೆ ಹೆದರಿ ಗುತ್ತಿಗೆದಾರ ಆಳನ್ನು ಹಿಡಿದನು.

ಲೆಕ್ಕ ತಪ್ಪಿದ್ದು ಇಲ್ಲಿ. ಹಡಗಿನಿಂದಿಳಿದ ಆಳಿಗೆ ಹೊಲಗದ್ದೆಗಳಲ್ಲಿ, ಪಟ್ಟಣಗಳಲ್ಲಿ ಬೇರೆ ಕೆಲಸ ಕಾದಿತ್ತು. 1840ರ ದಶಕದಿಂದ ದಿನಕ್ಕೆ ಎಂಟು ಗಂಟೆಯ ದುಡಿಮೆ ವೆಲಿಂಗ್ಟನ್ನಿನ ಕೆಲಸಗಾರರ ರೂಢಿಯಾಗಿತ್ತು. ಹೊಸದಾಗಿ ಬಂದವರು ಅದನ್ನು ಬೇಗನೆ ಕಲಿತರು, ಅವಧಿಯ ಬಗ್ಗೆ ತಕರಾರು ತೆಗೆದರು. ಅನೇಕರು ಕೆಲಸ ಬಿಟ್ಟು ಹೋದರು, ಪ್ರೋನೋಟಿನ ಹಣ ವಸೂಲಾಗಲಿಲ್ಲ. ಇದರ ಮೇಲೆ 1873ರ ಕೊನೆಯ ವೇಳೆಗೆ ಸರ್ಕಾರವೇ ವಲಸೆಗಾರರಿಗೆ ಉಚಿತ ಪ್ರಯಾಣವನ್ನು ಘೋಷಿಸಿತು. ಪಕ್ಕದ ಬಿಡಾರದವನು ಬಿಟ್ಟಿಯಾಗಿ ಬಂದಿರುವಾಗ ತಾನೇಕೆ ಸಾಲ ತೀರಿಸಬೇಕೆಂದು ಬ್ರಾಗ್ಡನ್ನರ ಆಳು ಕೇಳಿದರೆ ಅದಕ್ಕೆ ಉತ್ತರವಿರಲಿಲ್ಲ. ಸಂಸ್ಥೆ ಪರಿಹಾರಕ್ಕಾಗಿ ಸಂಸತ್ತಿಗೆ ಅರ್ಜಿ ಹಾಕಿಕೊಂಡಿತು. ಸರ್ಕಾರ ಮತ್ತು ಗುತ್ತಿಗೆದಾರರ ನಡುವಣ ವ್ಯಾಜ್ಯಗಳಿಗೆಂದೇ 1872ರಲ್ಲಿ ಒಂದು ಮಧ್ಯಸ್ಥಿಕೆ ಕಾಯಿದೆ ಬಂದಿತ್ತಾದರೂ ಬ್ರಾಗ್ಡನ್ನರ ಬಾಕಿಯ ಜಗಳ ವರ್ಷಗಟ್ಟಲೆ ಎಳೆಯಿತು.

ಮಾರ್ಗಗಳೇನೋ ಮುಗಿದವು. ವೆಲಿಂಗ್ಟನ್–ಹಟ್ ಮಾರ್ಗ 1874ರಲ್ಲಿ ತೆರೆಯಿತು, ಆಕ್ಲೆಂಡ್–ಮರ್ಸರ್ ಮತ್ತು ಪಿಕ್ಟನ್–ಬ್ಲೆನಮ್ 1875ರಲ್ಲಿ. ಆದರೆ ಒಬ್ಬ ದೊಡ್ಡ ಗುತ್ತಿಗೆದಾರನ ಕೈಗೆ ದೇಶವನ್ನು ಒಪ್ಪಿಸುವ ಪ್ರಯೋಗವನ್ನು ಸರ್ಕಾರ ಕೈಬಿಟ್ಟಿತು. ಮುಂದಿನ ಕೆಲಸಗಳಿಗೆ ಬಹಿರಂಗ ಟೆಂಡರು ಕರೆದು ಸಣ್ಣ ಸಣ್ಣ ತುಂಡುಗಳಾಗಿ ಸ್ಥಳೀಯರಿಗೆ ಹಂಚುವುದು ರೂಢಿಯಾಯಿತು. 1891ರಿಂದ ಲೋಕೋಪಯೋಗಿ ಮಂತ್ರಿ ರಿಚರ್ಡ್ ಸೆಡನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಳುಗಳ ತಂಡಗಳಿಗೇ ನೇರವಾಗಿ ಗುತ್ತಿಗೆ ಕೊಡುವ ಸಹಕಾರಿ ಪದ್ಧತಿಯನ್ನು ತಂದನು. ಪ್ರೋನೋಟಿಗೆ ಹೆಬ್ಬೆಟ್ಟು ಒತ್ತುವ ಸ್ಥಾನದಲ್ಲಿದ್ದವನು ಇಪ್ಪತ್ತು ವರ್ಷಗಳಲ್ಲಿ ಕರಾರಿನ ಪಕ್ಷಕಾರನಾದನು. ಈ ನಡುವೆ ನೆಲದ ಕೂಲಿಯ ಹಳೆಯ ಆಸೆ ಸಾಯಲಿಲ್ಲ. 1881ರ ಕಾಯಿದೆಯೊಂದರ ಮೂಲಕ ಅದು ಖಾಸಗಿ ಕಂಪನಿಗಳಿಗಾಗಿ ಮರುಹುಟ್ಟು ಪಡೆಯಿತು. ಅದರಂತೆ ಬಂದ ಮಿಡ್‌ಲೆಂಡ್ ರೈಲ್ವೆ ಕಂಪನಿ ಕೆಲಸ ಮುಗಿಸಲಾರದೆ ಹೋಗಿ 1895ರಲ್ಲಿ ಸರ್ಕಾರ ಅದರ ಮಾರ್ಗವನ್ನು ವಶಪಡಿಸಿಕೊಂಡಿತು.

ಇಷ್ಟಾದರೂ ನಮ್ಮ ಮೊದಲ ಪ್ರಶ್ನೆಗಳಲ್ಲಿ ಒಂದು ಉಳಿದೇ ಇದೆ. ನೆಲ ಯಾರದು?

ಬ್ರಾಗ್ಡನ್ ಕರಾರುಗಳನ್ನು ಮಾಡಿಕೊಂಡವರು ವಸಾಹತಿನ ಸರ್ಕಾರ, ಗುತ್ತಿಗೆ ಸಂಸ್ಥೆ. ಅವುಗಳ ಮೇಲೆ ಜಗಳವಾಡಿದವರು ಪ್ರಾಂತಗಳು, ಆಳುಗಳು. ಮಾವೋರಿ ಜನರು ಇವರಲ್ಲಿ ಯಾರ ಸಾಲಿನಲ್ಲಿಯೂ ಇಲ್ಲ. ಆಕ್ಲೆಂಡ್–ಮರ್ಸರ್ ಮಾರ್ಗದ ದಕ್ಷಿಣದ ತುದಿ ನಿಂತದ್ದು ಹತ್ತು ವರ್ಷಗಳ ಹಿಂದಿನ ಯುದ್ಧದ ಹಾದಿಯಲ್ಲಿ. 1863ರ ಜುಲೈಯಲ್ಲಿ ಬ್ರಿಟಿಷ್ ಸೈನ್ಯ ಮಾಂಗಟಾಫಿರಿ ಹೊಳೆಯನ್ನು ದಾಟಿ ಮಾವೋರಿ ಅರಸನ ವೈಕಾಟೊ ನಾಡನ್ನು ಹೊಕ್ಕಿತು. ಯುದ್ಧಾನಂತರ ಅಲ್ಲಿನ ಹತ್ತು ಲಕ್ಷ ಎಕರೆಗೂ ಮೀರಿದ ನೆಲ ಮುಟ್ಟುಗೋಲಾಯಿತು. ವೋಗಲ್‌ನ ಯೋಜನೆಯನ್ನು ಆರ್ಥಿಕ ಸಾಹಸವೆಂದು ಮಾತ್ರ ಓದುವವರು ಇದನ್ನು ಮರೆಯುತ್ತಾರೆ. ಉತ್ತರ ದ್ವೀಪದಲ್ಲಿ ಫಿರಂಗಿಯಿಂದ ಆಗದಿದ್ದುದನ್ನು ರಸ್ತೆ, ರೈಲು, ವಲಸೆಗಾರರಿಂದ ಸಾಧಿಸುವ ಉದ್ದೇಶವೂ ಅದರೊಳಗಿತ್ತು.

ಮರ್ಸರಿನಿಂದ ಮುಂದೆ ಮಾರ್ಗ ತೆ ಅವಮುತು ಊರಿನವರೆಗೆ 1880ರಲ್ಲಿ ಬಂದು, ಪೂನಿಯು ನದಿಯ ಬಳಿ ನಿಂತಿತು. ನದಿಯ ಆಚೆಗೆ ಅರಸನ ಪಕ್ಷದವರು ಸರ್ಕಾರವನ್ನು ಹೊಗಗೊಡದ ಗಡಿ. ಇಲ್ಲಿ ಸರ್ಕಾರ ಮೊದಲ ಬಾರಿಗೆ ಹಣವಾಗಲಿ ದರಪಟ್ಟಿಯಾಗಲಿ ಕೆಲಸಕ್ಕೆ ಬಾರದ ಮಾತುಕತೆಗೆ ಇಳಿಯಬೇಕಾಯಿತು. 1883ರಲ್ಲಿ ಆ ನಾಡಿನ ಬುಡಕಟ್ಟುಗಳು ಸಂಸತ್ತಿಗೆ ಮನವಿ ಸಲ್ಲಿಸಿ, ತಮ್ಮ ನೆಲದ ಮೇಲಿನ ಅಧಿಕಾರ ತಮ್ಮಲ್ಲಿಯೇ ಉಳಿಯಬೇಕೆಂದು ಕೇಳಿದವು. 1885ರ ಫೆಬ್ರವರಿಯಲ್ಲಿ ಕಿಹಿಕಿಹಿ ಎಂಬಲ್ಲಿ ಮಂತ್ರಿ ಜಾನ್ ಬ್ಯಾಲೆನ್ಸ್ ಮತ್ತು ಮಾವೋರಿ ಮುಖಂಡರ ಸಭೆ ನಡೆಯಿತು. ವಾಹನುಯಿ ಎಂಬ ಮುಖಂಡನ ಪ್ರಶ್ನೆಗಳು ಒಬ್ಬ ನುರಿತ ವಕೀಲನವು. ರೈಲಿಗೆ ಬೇಕಾದಷ್ಟು ನೆಲ ಹೊರತು ಹೆಚ್ಚು ತೆಗೆಯಬಾರದು, ಮದ್ಯ ಬರಕೂಡದು, ಉಳಿದ ನೆಲದ ವ್ಯವಹಾರ ನೆಲದವರ ಕೈಯಲ್ಲಿರಬೇಕು. ಬ್ರಾಗ್ಡನ್ನನಿಗೆ ಸಿಗದ ಒಂದು ಬಲ ಇವರಿಗಿತ್ತು: ಕಟ್ಟದಿದ್ದರೆ ಇವರಿಗೆ ನಷ್ಟವಿರಲಿಲ್ಲ.

1885ರ ಏಪ್ರಿಲ್ 15ರಂದು ಪೂನಿಯು ದಂಡೆಯಲ್ಲಿ, ನಮ್ಮ ಗುದ್ದಲಿ ಪೂಜೆಯನ್ನು ಹೋಲುವ ಮೊದಲ ಹೆಂಟೆ ಎತ್ತುವ ಶಾಸ್ತ್ರ ನಡೆಯಿತು. ವಾಹನುಯಿ, ರೇವಿ ಮಾನಿಯಾಪೊಟೊ, ಪ್ರಧಾನಿ ರಾಬರ್ಟ್ ಸ್ಟೌಟ್ ಮೂವರೂ ಅಲ್ಲಿದ್ದರು. ಈ ಒಪ್ಪಂದ ಒಂದೇ ಹಾಳೆಯಲ್ಲಿ ಬರೆದು ಮೊಹರು ಹಾಕಿದ್ದಲ್ಲ. ಮನವಿ, ಪತ್ರಗಳು, ಸಭೆಯಲ್ಲಿ ಆಡಿದ ಮಾತು, ಮಾತಿಗೆ ಕೊಟ್ಟ ಉತ್ತರ ಎಲ್ಲ ಸೇರಿ ಅದು ಆಗಿದೆ. ಆ ನಾಡಿನವರು ಅದನ್ನು ತೆ ಓಹಾಕಿ ತಪು, ಪವಿತ್ರ ಮಾತು ಎಂದು ಕರೆಯುತ್ತಾರೆ. ಆಕ್ಲೆಂಡ್–ವೆಲಿಂಗ್ಟನ್ ಮುಖ್ಯಮಾರ್ಗ 1908ರಲ್ಲಿ ಪೂರ್ಣಗೊಂಡಿತು. ಅಷ್ಟರಲ್ಲಿ ಆ ನಾಡಿನ ನೆಲದ ದೊಡ್ಡ ಭಾಗ ಸರ್ಕಾರದ ಖರೀದಿಗೆ ಹೋಗಿತ್ತು. ಬ್ರಾಗ್ಡನ್ನರ ಬಾಕಿಯನ್ನು ಕೇಳುವವರು ಇಂದು ಯಾರೂ ಇಲ್ಲ. ಪೂನಿಯು ದಂಡೆಯಲ್ಲಿ ಕೊಟ್ಟ ಮಾತನ್ನು ಸರ್ಕಾರ ಉಳಿಸಿಕೊಳ್ಳಲಿಲ್ಲವೆಂಬ ದೂರನ್ನು ವೈತಾಂಗಿ ನ್ಯಾಯಮಂಡಲಿ ವಿಚಾರಣೆಗೆ ಎತ್ತಿಕೊಂಡಿತು. ಅದರ ವರದಿಯ ಮೊದಲ ಭಾಗಗಳು ಹೊರಬಂದದ್ದು 2018ರಲ್ಲಿ.